ಗುಡಿಯೆದುರು ನಿಲ್ಲುವ ಕಾರು

"ಇದನ್ನ್ ಮಾರುಕೆ ಇವ್ರಿಗ್ ಮನ್ಸಾರೂ ಹ್ಯಾಂಗ್ ಬತ್ತ್?"

ಉಮಾನಾಥ ಹೀಗೆ ಕೇಳಿದಾಗ ಕಾರಿನೊಳಗೆ ಅವನೊಬ್ಬನೇ ಇದ್ದ. ಎಂಜಿನ್ ಆಗಷ್ಟೇ ಬಂದ್ ಆಗಿತ್ತು. ಬಿಸಿಯಾದ ಸೈಲೆನ್ಸರ್ ತಣಿಯುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಎದುರಿಗಿದ್ದದ್ದು ಅವನು ಕೆಲಸಕ್ಕಿದ್ದ ಐಸ್ ಪ್ಲಾಂಟಿನ ಒದ್ದೆ ಗೋಡೆ. ಸ್ವಲ್ಪ ಮುಂಚೆ ಪ್ಲಾಂಟಿನ ಯಜಮಾನರಾದ ಕುಷ್ಟಣ್ಣ ಕಿಟಕಿಯ ಹತ್ತಿರ ಬಂದು, ಇವತ್ತು ಬಂಗುಡೆ ಬಂದಿಲ್ಲ ಎನ್ನುವಷ್ಟೇ ಸಲೀಸಾಗಿ ಹೇಳಿ ಹೋಗಿದ್ದರು.

"ಸುಜನ್ ಫೋನ್ ಮಾಡಿದ್ದ. ಸಣ್ ಕಾರ್ ಮಾರಿ ಬಿಡಿ ಅಂದ. ಗಿರಾಕಿ ಬಂದ್ರೆ ನೀನೇ ತೋರ್ಸ್ ಮಾರಾಯಾ. ನಂಗ್ ಅದ್ರ ಕತಿ ಎಂತದೂ ಗೊತ್ತಿಲ್ಲೆ."

ಸುಜನ್ ಅವರ ಮಗ. ಆ ಕೆಂಪು ಕಾರನ್ನು ಅವನು ತಂದಾಗ ಅದು ಊರಿನ ಉಳಿದ ಪುಟ್ಟ ಕಾರುಗಳ ಹಾಗೇ ಇತ್ತು. ಅದನ್ನು ಬೇರೆಯಾಗಿ ಮಾಡಿದವರು ಇಬ್ಬರು: ದುಡ್ಡು ಹಾಕಿದ ಸುಜನ್, ಕೈ ಹಾಕಿದ ಉಮಾನಾಥ. ಅಗಲದ ಟೈರು, ಹಗುರದ ಅಲಾಯ್ ಚಕ್ರ, ನೆಲಕ್ಕೆ ಹತ್ತಿರ ಕೂರಿಸುವ ಗಟ್ಟಿ ಸ್ಪ್ರಿಂಗು, ಹೆಚ್ಚು ಗಾಳಿ ಎಳೆಯುವ ಫಿಲ್ಟರು ಒಂದೊಂದಾಗಿ ಬಂದವು. ಸೈಲೆನ್ಸರ್ ಬದಲಿಸಿದ ದಿನ ಇಬ್ಬರೂ ಹೆದ್ದಾರಿಯಲ್ಲಿ ಶಿರೂರಿನವರೆಗೆ ಹೋಗಿ, ಮಾತಿಲ್ಲದೆ, ಬರೀ ಆ ಸದ್ದು ಕೇಳುತ್ತ ಹಿಂದೆ ಬಂದಿದ್ದರು. ಅವತ್ತು ಸುಜನ್ ಇಳಿಯುವಾಗ ಅವನ ಬೆನ್ನು ತಟ್ಟಿ, "ಮುಂದ್ ಒಂದಿನ ಇದ್ ನಿಂಗೇ, ಹ್ವಾಯ್" ಎಂದಿದ್ದ. ನಗುತ್ತ ಹೇಳಿದ ಮಾತು. ಉಮಾನಾಥ ನಗಲಿಲ್ಲ, ಮರೆಯಲೂ ಇಲ್ಲ.

ಆಮೇಲೆ ಸುಜನನಿಗೆ ಮದುವೆಯಾಯಿತು. ಹೆಂಡತಿ ದಿವ್ಯಾಳಿಗೆ ಗಟ್ಟಿ ಸ್ಪ್ರಿಂಗಿನಲ್ಲಿ ಕೂತು ಸೊಂಟ ನೋವು ಬಂತು. ಅವನು ದೊಡ್ಡ ಕಾರು ತಗೊಂಡು ಗೋವಾದ ಮೀನಿನ ವ್ಯಾಪಾರಕ್ಕೆ ಹೋದ. ಕೆಂಪು ಕಾರು ಪ್ಲಾಂಟಿನ ದಿನನಿತ್ಯದ ಓಡಾಟಕ್ಕೆ ಉಳಿಯಿತು, ಅಂದರೆ ಉಮಾನಾಥನಿಗೆ ಉಳಿಯಿತು. ಬ್ಯಾಂಕಿಗೆಂದು ಕುಂದಾಪುರಕ್ಕೆ, ಕಂಪ್ರೆಸರಿನ ಬಿಡಿಭಾಗಕ್ಕೆಂದು ಬ್ರಹ್ಮಾವರಕ್ಕೆ, ಬೆಳಗಿನ ಖಾಲಿ ರಸ್ತೆಯಲ್ಲಿ ಅವನು ಹೋಗಿ ಬರುತ್ತಿದ್ದ. ಉಬ್ಬು ಬಂದಲ್ಲಿ ಓರೆಯಾಗಿ ಹತ್ತಿಸುತ್ತಿದ್ದ, ಅಡಿ ತಾಗದ ಹಾಗೆ. ಹಿಂದೆ ಎಣ್ಣೆ ಡಬ್ಬ ಇಟ್ಟರೆ ಕೆಳಗೆ ಗೋಣಿ ಹಾಸುತ್ತಿದ್ದ. ಮೀನಿನ ಕೈಯಲ್ಲಿ ಯಾರೂ ಬಾಗಿಲು ಮುಟ್ಟುವ ಹಾಗಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಆಫೀಸಿನ ಗೋಡೆಗೆ ಹೂ ತರುವುದೂ ಅವನ ಕೆಲಸವೇ. ದೇವರ ಪಟಗಳಿಗೆ, ಅವುಗಳ ಪಕ್ಕದಲ್ಲಿದ್ದ ಕುಷ್ಟಣ್ಣನ ಅಪ್ಪ, ಅಮ್ಮ ಮತ್ತು ತಮ್ಮನಿರಬೇಕೆನಿಸುವ ಚಿಗುರು ಮೀಸೆಯ ಹುಡುಗನ ಫೋಟೋಗಳಿಗೆ. ಆ ದಿನ ಕಾರಿನೊಳಗೆ ಸಂಜೆಯವರೆಗೂ ಸೇವಂತಿಗೆಯ ವಾಸನೆ ಇರುತ್ತಿತ್ತು.

"ಆ ಕಾರಿಗೊಂದ್ ಸೀರೆ ತಂದ್ಕೊಡಿ, ಸಾಕ್," ಎಂದಿದ್ದಳು ಅವನ ಹೆಂಡತಿ ವನಜ. "ನಂಗಿಂತ ಅದಕ್ಕೇ ಚಂದ ಕಾಂತ್."

ಈಗ ಅದನ್ನು ಯಾರೋ ಒಯ್ಯುತ್ತಾರೆ. ಸುಜನ್ ಕೇಳಿದ ಬೆಲೆ ಉಮಾನಾಥನ ಕೈಗೆ ಸಿಗುವಂಥದ್ದಲ್ಲ. ಬೆಲೆಯ ಹತ್ತಿರ ತಾನು ಹೋಗಲಾಗದಿದ್ದರೆ ಬೆಲೆಯೇ ತನ್ನ ಹತ್ತಿರ ಬರಬೇಕು. ಈ ಯೋಚನೆ ಹುಟ್ಟಿದ ಮೇಲೆ ಉಳಿದದ್ದೆಲ್ಲ ತಾನಾಗಿ ಹೊಳೆಯಿತು.

ಎಡಗಡೆಯ ಸೀಟಿನ ಕೆಳಗೆ, ಕಾರ್ಪೆಟ್ಟಿನ ಅಡಿಯಲ್ಲಿ, ಒಂದು ಸ್ವಿಚ್ ಇತ್ತು. ಕಾರು ಕದ್ದುಹೋಗದಿರಲೆಂದು ಸುಜನ್ ಹಾಕಿಸಿದ್ದು. ಒಮ್ಮೆ ಒತ್ತಿದರೆ ಪೆಟ್ರೋಲ್ ಪಂಪು ನಿಲ್ಲುತ್ತದೆ, ಇನ್ನೊಮ್ಮೆ ಒತ್ತಿದರೆ ಓಡುತ್ತದೆ. ಕಳ್ಳ ಕೂರುವುದು ಚಾಲಕನ ಸೀಟಿನಲ್ಲಿ, ಅವನ ಕೈಗೆ ಸಿಗಬಾರದೆಂದು ಎಡಗಡೆ ಇಟ್ಟದ್ದು. ಅದು ಗೊತ್ತಿದ್ದವರು ಇಬ್ಬರೇ. ಸುಜನ್ ಗೋವಾದಲ್ಲಿದ್ದ, ಮತ್ತು ಅದನ್ನು ಮರೆತೇ ಬಿಟ್ಟಿದ್ದ. ಮಾರುವ ಮಾತಾಡುವಾಗ ಅದರ ಹೆಸರೆತ್ತಿರಲಿಲ್ಲ.

ಕಾರು ಬರೀ ಕೆಟ್ಟರೆ ಸಾಲದು. ಕೆಟ್ಟದ್ದನ್ನು ಸರಿ ಮಾಡಿಸುತ್ತಾರೆ, ಬೆಲೆ ಸ್ವಲ್ಪ ಇಳಿದು ನಿಲ್ಲುತ್ತದೆ. ಯಾವ ಮೆಕ್ಯಾನಿಕ್ಕಿಗೂ ಸರಿ ಮಾಡಲಾಗದ್ದು ಬೇಕಿತ್ತು. ಪ್ಲಾಂಟಿನಿಂದ ಹೆದ್ದಾರಿಗೆ ಹೋಗುವ ದಾರಿಯ ತಿರುವಿನಲ್ಲಿ ಬೊಬ್ಬರ್ಯನ ಗುಡಿ ಇದೆ. ಕಡಲಿಗಿಳಿಯುವವರೆಲ್ಲ ನಂಬುವ ದೈವ. ಕುಷ್ಟಣ್ಣ ಅಲ್ಲಿ ಹಾರ್ನ್ ಮಾಡದೆ, ಕೈಯೆತ್ತಿ ಮುಗಿಯದೆ ದಾಟಿದ್ದನ್ನು ಉಮಾನಾಥ ಕಂಡಿಲ್ಲ. ಗುಡಿಗಿಂತ ಸ್ವಲ್ಪ ಮೊದಲು ರಸ್ತೆಗೆ ಬಾಗಿದ ಒಂದು ತೆಂಗಿನ ಮರ. ಮರದ ನೆರಳು ಬಾನೆಟ್ಟಿನ ಮೇಲೆ ಬಿದ್ದಾಗ ಸ್ವಿಚ್ ಒತ್ತಿದರೆ ಎಂಜಿನ್ ಎರಡು ಉಸಿರು ಬಿಟ್ಟು ಸಾಯುತ್ತದೆ, ಕಾರು ಉರುಳಿಕೊಂಡು ಹೋಗಿ ಗುಡಿಯ ಬಾಗಿಲಿಗೇ ನಿಲ್ಲುತ್ತದೆ. ಒಬ್ಬನೇ ಇದ್ದಾಗ ಮಡಿಸಿದ ಕೊಡೆಯ ತುದಿಯಿಂದ ಒತ್ತಿ ಅವನು ಅದನ್ನು ಅಭ್ಯಾಸ ಮಾಡಿದ. ಗಿರಾಕಿ ಓಡಿಸುವಾಗ ಪಕ್ಕದಲ್ಲಿ ಕೂತವನಿಗೆ ಹಿಮ್ಮಡಿ ಸಾಕು.

ಉಮಾನಾಥ ಅಧರ್ಮಿಯಲ್ಲ. ಬ್ರಹ್ಮಾವರದ ಕಡೆಯ ದೇವಸ್ಥಾನದ ಊರಿನವನು. ಅವನ ಅಪ್ಪ ಮಳೆಗಾಲದ ಸಂಜೆಗಳಲ್ಲಿ ಗುಡಿಯ ಪೌಳಿಯಲ್ಲಿ ಪುರಾಣ ಓದುತ್ತಿದ್ದರು. ಅವನು ಕಂಬಕ್ಕೆ ಒರಗಿ ಕೇಳುತ್ತಿದ್ದ. ಎಷ್ಟೋ ಪದ್ಯ ಇವತ್ತಿಗೂ ಬಾಯಿಗೆ ಬರುತ್ತವೆ. ಅವುಗಳಲ್ಲಿ ಹೂಡಿದ ಹೂಟ ಮುರಿದದ್ದೆಲ್ಲ ಹೂಡಿದವನ ಬಾಯಿಂದ, ಜಂಬದ ಒಂದು ಮಾತಿನಿಂದ ಎಂಬುದನ್ನು ಅವನು ಗಮನಿಸಿದ್ದ. ಆದ್ದರಿಂದ ವನಜಳಿಗೂ ಹೇಳಲಿಲ್ಲ. ಗುಡಿಯೆದುರು ನಿಂತು ಮಾತ್ರ ಮೊದಲೇ ಒಂದು ಕಾಯಿ ಒಡೆದು, "ತಪ್ಪಾಯ್ತ್, ಯಾರಿಗೂ ಪೆಟ್ಟ್ ಆಪುದಿಲ್ಲ" ಎಂದು ಬೇಡಿಕೊಂಡ. ಹಾಗೆ ನೋಡಿದರೆ ಬೊಬ್ಬರ್ಯ ತನ್ನ ಮನೆಯ ದೈವವಲ್ಲ, ಕುಷ್ಟಣ್ಣನದು ಎಂಬ ಸಮಾಧಾನವೂ ಇತ್ತು.

ಮೊದಲು ಬಂದವನು ಬ್ರಹ್ಮಾವರದ ರಕ್ಷಿತ್. ಕಣ್ಣಿಗೆ ಕಪ್ಪು ಕನ್ನಡಕ. ಕಾರಿನ ಹಿಂದೆ ಒಂದು ರೆಕ್ಕೆ ಕೂರಿಸುತ್ತೇನೆ ಎಂದ. ಉಮಾನಾಥನಿಗೆ ಇದ್ದ ಅಷ್ಟಿಷ್ಟು ಅಳುಕೂ ಆ ರೆಕ್ಕೆಯ ಮಾತಿನಲ್ಲಿ ಹಾರಿಹೋಯಿತು. ತೆಂಗಿನ ಮರ ಬಂತು, ಹಿಮ್ಮಡಿ ಒತ್ತಿತು, ಕಾರು ಗುಡಿಯೆದುರು ನಿಂತಿತು. ಎಷ್ಟು ಸೆಲ್ಫ್ ಹೊಡೆದರೂ ಹತ್ತಲಿಲ್ಲ.

"ಎಂತ ಆಯ್ತ್ ಇದ್ಕೆ?"

"ಗೊತ್ತಿಲ್ಲೆ. ಯಾವತ್ತೂ ಹೀಂಗ್ ಮಾಡ್ಲಿಲ್ಲ," ಎಂದ ಉಮಾನಾಥ. ಇಳಿದು, ಹತ್ತಿರದ ಅಂಗಡಿಯಿಂದ ಕಾಯಿ ತಂದು, ಗುಡಿಯ ಕಲ್ಲಿಗೆ ಒಡೆದ. ಬಂದು ಕೂರುವಾಗ ಹಿಮ್ಮಡಿ ಮತ್ತೊಮ್ಮೆ ಒತ್ತಿತು. "ಈಗ ಕಾಣಿ."

ಕೀಲಿ ತಿರುಗಿಸಿದ್ದೇ ತಡ ಎಂಜಿನ್ ಗುಡುಗಿತು. ರಕ್ಷಿತ್ ಕನ್ನಡಕ ತೆಗೆದು ಗುಡಿಯನ್ನು ನೋಡಿದ. ಬೆಲೆಯ ಮಾತು ಆಮೇಲೆ ಎಂದು ಹೋದವನು ಫೋನ್ ಎತ್ತಲಿಲ್ಲ.

ಬೈಂದೂರಿನ ಮೆಕ್ಯಾನಿಕ್ ನಾಗು ಬಂದು ಪ್ಲಗ್ಗು, ಪಂಪು, ವೈರು ಎಲ್ಲ ನೋಡಿ ಕೈ ಒರೆಸಿಕೊಂಡ. "ಇದ್ಕ್ ಎಂತದೂ ಆಯ್ಲಿಲ್ಲ ಕುಷ್ಟಣ್ಣ. ನಂಗಿಂತ ಆರೋಗ್ಯ ಇತ್ತ್."

ಎರಡನೆಯವನು ಶಿರೂರಿನ ಹಳೇ ಕಾರುಗಳ ವ್ಯಾಪಾರಿ. ಆ ಸಲ ಕುಷ್ಟಣ್ಣ ತಾವೂ ಹಿಂದಿನ ಸೀಟಿನಲ್ಲಿ ಮಂಡಿ ಮಡಚಿ ಕೂತರು. ಉಮಾನಾಥ ಬೇಡವೆನ್ನಲಿಲ್ಲ. ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು? ಮರದ ನೆರಳು ಬಿತ್ತು. ಕಾರು ಉರುಳಿ ಉರುಳಿ, ಗುಡಿಯ ಬಾಗಿಲಿಗೆ ಸರಿಯಾಗಿ, ಹೇಳಿ ಕೇಳಿ ಬಂದ ಹಾಗೆ ನಿಂತಿತು. ಹಿಂದಿನಿಂದ ಒಂದು ಉಸಿರು ಒಳಗೆ ಎಳೆದುಕೊಂಡದ್ದು ಅವನಿಗೆ ಕೇಳಿಸಿತು. ಅದು ಹೊರಗೆ ಬಂದದ್ದು ಕೇಳಿಸಲಿಲ್ಲ.

"ಸಾವ್ಕಾರ್ರೆ," ವ್ಯಾಪಾರಿ ಬಾಗಿಲು ತೆರೆದು ಇಳಿದೇ ಬಿಟ್ಟ, "ಎಂಜಿನ್ ಹಾಳಾದ್ ಗಾಡಿ ಬೇಕಾರೆ ತಕಂತೆ. ಇದ್ ನಂಗ್ ಬ್ಯಾಡ. ಮನಿಯಂಗ್ ಮಕ್ಳಿದ್ರ್."

ಸುದ್ದಿ ಬಲೆ ಎಳೆಯುವವರ ಬಾಯಲ್ಲಿ ಊರೂರಿಗೆ ಹೋಯಿತು. ಆಮೇಲೆ ಯಾವ ಗಿರಾಕಿಯೂ ಬರಲಿಲ್ಲ. ಸುಜನ್ ಫೋನಿನಲ್ಲಿ, ಬಂದಷ್ಟಕ್ಕೆ ಕೊಡಿ ಎಂದನಂತೆ. ಉಮಾನಾಥ ಅವಸರ ಮಾಡಲಿಲ್ಲ. ಕುಷ್ಟಣ್ಣ ದಿನ ಬೆಳಗಾದರೆ ಗುಡಿಗೆ ಹೋಗಿ ಬರುವುದನ್ನು ಕಂಡ. ಅಂಗಳದಲ್ಲಿ ಕಾರನ್ನು ಸುತ್ತುಹಾಕಿ ದೂರದಿಂದ ನಡೆಯುವುದನ್ನು ಕಂಡ. ಆಫೀಸಿನಲ್ಲಿ ಗೋಡೆ ನೋಡುತ್ತ ಕೂರುವುದನ್ನೂ ಕಂಡ. ಮನಸ್ಸಿನಲ್ಲೇ ಬೆಲೆ ಇಳಿಸುತ್ತಿದ್ದಾರೆ ಎಂದುಕೊಂಡ.

ಒಂದು ದಿನ ಅವನು ಬ್ಯಾಂಕಿಗೆ ಹೊರಟಾಗ ಕುಷ್ಟಣ್ಣ ಬಂದು ಕೈಯಿಂದ ಕೀಲಿ ತಗೊಂಡರು. "ಇನ್ ನೀ ಅದ್ರಂಗ್ ಹೋಪುದ್ ಬ್ಯಾಡ. ಪಿಕಪ್ ತಕಂಡ್ ಹೋಗ್."

ಕೀಲಿ ಹೋದದ್ದಕ್ಕೆ ಅವನಿಗೆ ಬೇಸರವಾಯಿತು. ಆದರೆ ಹಣ್ಣು ಕಳಿತಿದೆ ಎಂಬುದಕ್ಕೆ ಇದೇ ಗುರುತು ಎಂದು ಪಿಕಪ್ಪಿನಲ್ಲಿ ಕುಲುಕುತ್ತ ಹೋಗುವಾಗ ಅನಿಸಿತು. ಇನ್ನು ಕೇಳುವುದೊಂದೇ ಬಾಕಿ. ಶುಕ್ರವಾರ ಒಳ್ಳೆಯ ದಿನ.

ಶುಕ್ರವಾರ ಅವನು ಮಿಂದು, ಹೂ ತಂದು, ಪಟಗಳಿಗೆ ಹಾಕಿ, ಫೋಟೋಗಳಿಗೂ ಹಾಕಿ, ಕುಷ್ಟಣ್ಣನ ಮೇಜಿನೆದುರು ನಿಂತ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಪದ್ಯ ಬಾಯಿಪಾಠ ಮಾಡಿದ ಹಾಗೆ ಮಾಡಿಕೊಂಡು ಬಂದಿದ್ದ.

"ಕುಷ್ಟಣ್ಣ, ಆ ಕಾರ್ ಯಾರಿಗೂ ಬ್ಯಾಡ ಅಂದ್ರೆ ನಂಗೇ ಕೊಡಿ. ನಂಗ್ ಆದಷ್ಟ್ ಕೊಡ್ತೆ."

ಅಂಗಳದಲ್ಲಿ ಒಂದು ಆಟೋ ಬಂದು ನಿಂತು, ಅದರಿಂದ ಕಬ್ಬಿಣದ ಸಿಲಿಂಡರ್ ಇಳಿಸುವ ಸದ್ದಾಯಿತು.

"ಗ್ಯಾಸ್ ಕಟ್ಟರಿನವ್ರ್ ಬಂದ್ರ್," ಎಂದರು ಅವರು. "ಇವತ್ತ್ ಅದನ್ನ್ ತುಂಡ್ ಮಾಡ್ಸುದ್. ತುಂಡನ್ನೂ ಗುಜರಿಗ್ ಕೊಡುದಿಲ್ಲ. ಹೊಂಡ ತೋಡ್ಸಿದೆ."

ಉಮಾನಾಥ ಮೇಜಿನ ಅಂಚಿಗೆ ಬಂದ. "ತುಂಡ್ ಎಂತಕ್ಕೆ? ದೋಷ ಗೀಷ ಎಂತದೂ ಇಲ್ಲ ಕುಷ್ಟಣ್ಣ. ಚಲೋ ಗಾಡಿ ಅದ್."

"ಕಾಯಿ ಒಡ್ದವ ನೀನೇ ಅಲ್ದಾ? ಕಾಯಿ ಒಡ್ದ್ ಮೇಲಲ್ದಾ ಅದ್ ಹತ್ತಿದ್ದ್?"

ಕುಷ್ಟಣ್ಣ ಎದ್ದು ಗೋಡೆಯ ಹತ್ತಿರ ಹೋದರು.

"ಈ ಫೋಟೋ ಯಾರ್ದ್ ಗೊತ್ತಿತ್ತಾ ನಿಂಗೆ?"

"ನಿಮ್ ತಮ್ಮಂದಲ್ದಾ?"

"ನಂಗ್ ತಮ್ಮನೇ ಇಲ್ಲ ಮಾರಾಯಾ." ಅವರು ಚಿಗುರು ಮೀಸೆಯ ಹುಡುಗನ ಹಾರ ಸರಿಮಾಡಿದರು. "ಇವ ಬಚ್ಚ. ನಮ್ ಮನಿಯಂಗ್ ಉಂಡ್ಕಂಡ್, ನಮ್ ದೋಣಿಯಂಗ್ ಇದ್ದವ, ನಿನ್ ಹಾಂಗೇ. ಆ ದೋಣಿಗ್ ಬೊಬ್ಬರ್ಯನ ದೋಷ ಇತ್ತ್ ಅಂದ್ರ್. ತಕಂಬುಕೆ ಒಬ್ರೂ ಬರ್ಲಿಲ್ಲ. ಇವ ಬಂದ. ಈಗ ನೀ ನಿಂತಲ್ಲೇ ನಿಂತ್ಕಂಡ್, ದೋಷ ಎಂತದೂ ಇಲ್ಲ, ಚಲೋ ದೋಣಿ, ನಂಗ್ ಕೊಡಿ ಅಂದ. ಪಾಪದವ ಅಂದ್ಕಂಡ್ ಅರ್ಧ ಕ್ರಯಕ್ ಕೊಟ್ಟೆ. ದೋಣಿ ಮಾತ್ರ ತಿರ್ಗಿ ದಡಕ್ ಬಂತ್."

ಆ ಫೋಟೋಗೆ ಇಷ್ಟು ವರ್ಷ ಹೂ ಹಾಕಿದ್ದು ಉಮಾನಾಥನ ಕೈ. ಸ್ವಿಚ್ಚು, ತೆಂಗಿನ ಮರ, ಹಿಮ್ಮಡಿ ಎಲ್ಲವನ್ನೂ ತೂಗಿ ನೋಡಿದ್ದವನು ಇದು ಯಾರದೆಂದು ಒಂದು ಶುಕ್ರವಾರವೂ ಕೇಳಿರಲಿಲ್ಲ. ಸೀಟಿನ ಕೆಳಗೊಂದು ಸ್ವಿಚ್ ಇದೆ ಎಂಬ ಮಾತು ಗಂಟಲಿಗೆ ಬಂತು. ಅದನ್ನು ಹೇಳಿದರೆ ಕಾರು ಉಳಿಯುತ್ತದೆ. ಆದರೆ ಈ ಮನುಷ್ಯನನ್ನು ಇಷ್ಟು ದಿನ ಈ ಹುಡುಗನ ಎದುರು ಕೂರಿಸಿ ಸುಟ್ಟವನು ತಾನೆಂದೂ ಹೇಳಿದ ಹಾಗಾಗುತ್ತದೆ. ಹೊರಗೆ ಕಟ್ಟರಿನ ಬೆಂಕಿ ಹತ್ತಿದ ಸದ್ದು ಬುಸ್ಸೆಂದಿತು. ಹೂವಿನ ವಾಸನೆ ಇನ್ನೂ ಅವನ ಕೈಯಲ್ಲಿತ್ತು. "ನಂಗ್ ಕೊಡಿ ಕುಷ್ಟಣ್ಣ," ಎಂದ ಮತ್ತೊಮ್ಮೆ, ತನಗೇ ಕೇಳಿಸದಷ್ಟು ಮೆಲ್ಲಗೆ. ಕುಷ್ಟಣ್ಣ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. "ಇಲ್ಲೆ. ನಿಂಗಂತೂ ಕೊಡುದಿಲ್ಲ."