ಬೋರ್ಡಿನ ಮೇಲಿನ ಸೊಟ್ಟ ಸಾಲು

ತುಳಸಿರಾಮನ ಅಕ್ಷರ ಮೊದಲ ಸಲ ನೋಡಿದಾಗ ಈಶಮ್ಮನಿಗೆ ನಗು ಬರಲಿಲ್ಲ, ಸಿಟ್ಟು ಬಂತು. ಇಂಥವನಿಗೆ ಯಾವ ಪುಣ್ಯಾತ್ಮ ಮಾಸ್ತರಿಕೆ ಕೊಟ್ಟನೋ. ನೌಕರಿಗೆ ಹಾಜರಾದ ದಿನ ಅವನು ಬರೆದುಕೊಟ್ಟ ಕಾಗದವನ್ನು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದಳು.

"ಇದು ನೀವು ಬರ್ದಿದ್ದೋ, ನಿಮ್ಮ ಕುರಿ ಬರ್ದಿದ್ದೋ?"

ಅವನು ಕಲ್ಹೇರ್ ಕಡೆಯ ಕುರಿ ಸಾಕುವವರ ಮನೆಯವನು. ಬೇರೆ ಯಾರಾದರೂ ಆಗಿದ್ದರೆ ಮುಖ ಕಪ್ಪಿಡುತ್ತಿತ್ತು. ಇವನು ನಕ್ಕ.

"ನಮ್ಮ ಕುರಿ ಇಷ್ಟು ಖರಾಬ್ ಬರ್ಯಾಂಗಿಲ್ರಿ ಟೀಚರ್. ಅವಕ್ಕ ಮಾನ ಅದಾ."

ನಕ್ಕರೆ ಅವನ ಎಡಗೆನ್ನೆಯಲ್ಲಿ ಕುಳಿ ಬೀಳುತ್ತಿತ್ತು. ಅದನ್ನು ನೋಡಬಾರದೆಂದು ಅವಳು ಕಾಗದವನ್ನೇ ನೋಡಿದಳು. ಕಾಗದದಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಕುರಿಯೇನು ಈಶಮ್ಮನಿಗೆ ಹೊಸದಲ್ಲ. ಅವಳ ಅಪ್ಪ ಕಾಶಪ್ಪ ಹಿಂಡು ಮಾರಿ ನಾರಾಯಣಖೇಡದ ಹತ್ತಿರ ಹೊಲ ಮಾಡಿ ಹತ್ತು ವರ್ಷವಾಗಿತ್ತು. ಆ ಹತ್ತು ವರ್ಷದಲ್ಲಿ ಅವನು ಜೋಳ ಬೆಳೆಯುವುದಕ್ಕಿಂತ ಚೆನ್ನಾಗಿ ಕಲಿತದ್ದು, ಇನ್ನೂ ಕುರಿ ಸಾಕುವ ನೆಂಟರನ್ನು ಕಂಡು ಮೂಗು ಮುರಿಯುವುದನ್ನು. ಆ ಮೂಗು ಮಗಳಿಗೂ ಬಂದಿತ್ತು.

ಮೊಗುಡಂಪಲ್ಲಿಯ ಆಚೆಯ ಆ ಕನ್ನಡ ಶಾಲೆಯಲ್ಲಿ ಎರಡು ಕೋಣೆ, ಕಲಿಸುವವರು ಮೂರು ಜನ. ಹೆಡ್ ಮಾಸ್ತರ್ ಆತ್ಮಾರಾಮರಿಗೆ ಎಲೆಅಡಿಕೆ ಮತ್ತು ಇನ್ಸ್‌ಪೆಕ್ಟರ್ ಬಿಟ್ಟರೆ ಲೋಕದಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಅಲ್ಲಿ ನೋಡುವಂಥದ್ದು ಒಂದೇ, ಈಶಮ್ಮನ ಅಕ್ಷರ. ಹಾಗೆಂದು ಈಶಮ್ಮನೇ ತಿಳಿದಿದ್ದಳು.

ಶನಿವಾರ ಶುದ್ಧ ಬರಹ. ಅವಳು ಬೋರ್ಡಿನ ಮೇಲೆ ಒಂದು ಸಾಲು ಬರೆಯುವಳು. ಮಕ್ಕಳು ಅದನ್ನು ಜೋಡಿಗೆರೆಯ ಪುಸ್ತಕದಲ್ಲಿ ಹತ್ತು ಸಲ ಇಳಿಸಬೇಕು, ಇದ್ದದ್ದು ಇದ್ದಹಾಗೆ. ಏನು, ಯಾಕೆ ಎಂದು ಬಾಯಿಬಿಟ್ಟರೆ ಬೆರಳ ಗೆಣ್ಣಿಗೆ ರೂಲರ್. ಮಕ್ಕಳ ಅಕ್ಷರ ಗುಂಡಗಾಗಿತ್ತು, ಬಾಯಿ ಮುಚ್ಚಿತ್ತು.

"ನನಗೂ ಒಂದ್ ಪುಸ್ತಕ ಕೊಡ್ರಿ," ಎಂದಿದ್ದ ತುಳಸಿರಾಮ. "ನಾನೂ ಕಲೀತೀನಿ."

"ಇಷ್ಟು ವಯಸ್ಸಾದ ಮ್ಯಾಲ?"

"ನಿಮ್ಮ ಕೈಲೆ ಬೈಸ್ಕೊಳ್ಳಾಕ ವಯಸ್ಸು ಯಾಕ್ರಿ?"

ಒಂದು ವರ್ಷ ಅವನು ದಿನಾ ಸಂಜೆ ಒಂದು ಪುಟ ಬರೆದು ತಂದ. ಅವಳು ಕೆಂಪು ಮಸಿಯಲ್ಲಿ 'ರ ಯಾಕೆ ಮಲಗಿದೆ?', 'ಳಕ್ಕೆ ಹೊಟ್ಟೆನೋವೇ?' ಎಂದು ಬರೆದು ಬಿಸಾಕುತ್ತಿದ್ದಳು. ಅವನು ಓದಿ ನಗುತ್ತಿದ್ದ. ಅಕ್ಷರ ಮಾತ್ರ ಒಂದು ಕೂದಲಷ್ಟೂ ಸುಧಾರಿಸಲಿಲ್ಲ. ಒಂದು ಸಂಜೆ ಅವನು ಪುಟ ತರಲಿಲ್ಲ. ಆ ದಿನ ಅವಳಿಗೆ ಊಟ ರುಚಿಸಲಿಲ್ಲ, ಬೈಯಲು ಯಾರೂ ಸಿಗಲಿಲ್ಲವಲ್ಲ, ಅದಕ್ಕೇ ಇರಬೇಕೆಂದು ತನಗೆ ತಾನೇ ಹೇಳಿಕೊಂಡಳು.

ಅಷ್ಟರಲ್ಲಿ ತಾಂಡೂರಿನ ಸಂಬಂಧ ಬಂತು. ಹುಡುಗ ಗುಮಾಸ್ತ. ಅವನು ಕಾಶಪ್ಪನಿಗೆ ಬರೆದ ಕಾಗದವನ್ನು ಈಶಮ್ಮ ಮೂರು ಸಲ ನೋಡಿದಳು, ಅಕ್ಷರ ಅಷ್ಟು ಚಂದ. ಒಳಗೇನು ಬರೆದಿದ್ದ ಎಂದು ಯಾರಾದರೂ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

"ನಾಳೆ ನಾನು ಇರಂಗಿಲ್ಲ," ಎಂದಳು ಶುಕ್ರವಾರ ತುಳಸಿರಾಮನಿಗೆ. "ತಾಂಡೂರಿನವರು ನೋಡಾಕ ಬರ್ತಾರ. ಬೋರ್ಡಿನ ಮ್ಯಾಲ ಸಾಲು ಬರ್ದಿಟ್ಟೀನಿ. ಹುಡುಗರು ಬರ್ಕೋತಾರ. ನೀವು ಚಾಕ್‌ಪೀಸ್ ಮುಟ್ಟಬ್ಯಾಡ್ರಿ."

"ಅವರ ಅಕ್ಷರ ಹೆಂಗ ಅದಾರಿ?"

"ಮುತ್ತು ಪೋಣಿಸಿದಂಗ."

"ಛಲೋ ಆತು ಬಿಡ್ರಿ," ಎಂದ ಅವನು. ಕೆನ್ನೆಯಲ್ಲಿ ಕುಳಿ ಬೀಳಲಿಲ್ಲ. ಊರಿಗೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ಅದೇ ಕೊರೆಯಿತು.

ತಾಂಡೂರಿನವರು ಬಂದರು, ಉಂಡರು, ಒಪ್ಪಿದರು. ಮಂಗಳವಾರ ಮಾತು ಕೊಡುತ್ತೇನೆಂದ ಕಾಶಪ್ಪ. ಸೋಮವಾರ ಬೆಳಿಗ್ಗೆ ಈಶಮ್ಮ ಶಾಲೆಗೆ ಬಂದರೆ, ಅವಳ ಮೇಜಿನ ಮೇಲೆ ಮೂವತ್ತೆಂಟು ಪುಸ್ತಕ, ಎದುರಿಗೆ ಆತ್ಮಾರಾಮರು, ಮಕ್ಕಳ ಅಪ್ಪಂದಿರು ಮೂವರು.

"ನೋಡ್ರಿ ಟೀಚರ್," ಎಂದರು ಹೆಡ್ ಮಾಸ್ತರ್. "ನೋಡಿ ಹೇಳ್ರಿ, ಇದು ಶಾಲೀನೋ ಏನೋ."

ಮೊದಲ ಪುಸ್ತಕ ತೆರೆದಳು. 'ನೀವಿಲ್ಲದ ರವಿವಾರ ಬಹಳ ಉದ್ದ.' ಹತ್ತು ಸಲ. ಎರಡನೆಯದರಲ್ಲೂ ಅದೇ. ಮೂವತ್ತೆಂಟರಲ್ಲೂ ಅದೇ. ತಾನು ಬರೆದಿಟ್ಟ ಸಾಲು ಎಲ್ಲಿಯೂ ಇಲ್ಲ. ಅವಳು ಕಲಿಸಿದ ಮಕ್ಕಳಲ್ಲವೇ, ಸೊಟ್ಟಗಿದ್ದುದನ್ನು ಸೊಟ್ಟಗೇ ಇಳಿಸಿದ್ದವು. ಯಾಕೆ ಎಂದು ಒಂದೂ ಕೇಳಿರಲಿಲ್ಲ.

ಯಾರ ಅಕ್ಷರವೆಂದು ಅವಳಿಗೆ ಬೇರೆ ಹೇಳಬೇಕೆ. ಆಮೇಲೆ ತಿಳಿಯಿತು, ಪಾಪದ ಪ್ರಾಣಿ ಶನಿವಾರ ಬೇಗ ಬಂದು ಅವಳ ಸಾಲು ಅಳಿಸಿ ತನ್ನ ಮನಸ್ಸಿನದನ್ನು ಬರೆದಿದ್ದ, ಮಕ್ಕಳು ಬರುವ ಮೊದಲೇ ಅಳಿಸುವವನಿದ್ದ. ಅಷ್ಟರಲ್ಲಿ ಬೀದರ ಬಸ್ಸಿಗೆ ಪುಸ್ತಕದ ಗಂಟು ಬಂದಿದೆ, ಹೊತ್ತು ತಾ ಎಂದು ಹೆಡ್ ಮಾಸ್ತರ್ ಅವನನ್ನು ಓಡಿಸಿದ್ದರು. ತಿರುಗಿ ಬರುವುದರಲ್ಲಿ ಮಕ್ಕಳು ಹತ್ತೂ ಸಾಲು ಮುಗಿಸಿ, ಪುಸ್ತಕ ಎತ್ತಿಕೊಂಡು ಮನೆಗೆ ಹೋಗಿದ್ದವು. ಈಗ ಈಶಮ್ಮನ ಎದೆ ಹೊಡೆದುಕೊಳ್ಳುತ್ತಿತ್ತು. ಸಿಟ್ಟಿಗೆ ಎಂದು ಹೇಳಿಕೊಳ್ಳಲು ನೋಡಿದಳು, ಈ ಸಲ ಆಗಲಿಲ್ಲ.

ತುಳಸಿರಾಮ ಆಗಷ್ಟೇ ಊರಿಂದ ಬಂದು ಬಾಗಿಲಲ್ಲಿ ನಿಂತಿದ್ದ. ಚಪ್ಪಲಿ ಬಿಡುವುದನ್ನೂ ಮರೆತಿದ್ದ.

"ಇಂಥ ಅಕ್ಷರ ಈ ಸೀಮ್ಯಾಗ ಒಬ್ಬಂದೇ ಅದಾ," ಎಂದರು ಆತ್ಮಾರಾಮರು. "ಇವತ್ತೇ ಮ್ಯಾಲಿನವರಿಗೆ ರಿಪೋರ್ಟ್ ಹೋಗ್ತದ. ನೌಕರಿ ಹೋತಂತ ತಿಳೀರಿ. ಹೇಳ್ರಿ ಮಾಸ್ತರ್, ಬರ್ದವ್ರು ಯಾರು?"

ತುಳಸಿರಾಮ ತಲೆ ಎತ್ತಿದ. "ಬರ್ದಿದ್ದು..."

"ನಾನ್ರಿ," ಎಂದಳು ಈಶಮ್ಮ.

ಆತ್ಮಾರಾಮರು ಅವಳತ್ತ ತಿರುಗಿದರು.

"ಶುಕ್ರವಾರ ಬೋರ್ಡಿನ ಮ್ಯಾಲ ಬರ್ದು ಹೋದಾಕಿ ನಾನು. ನಿಮ್ಗ ಗೊತ್ತದಲ್ಲ."

"ನಿಮ್ಮ ಅಕ್ಷರ ನಾ ಕಾಣದ್ದೇನು? ಯಾರಿಗೆ ಬರ್ದ್ರಿ ಮತ್ತ?"

ತನ್ನ ಬಾಯಿಂದ ಈ ಮಾತು ಬೀಳುವುದೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ.

"ಅಕೋ, ಬಾಗಲ್ದಾಗ ನಿಂತಾರಲ್ಲ, ಅವರಿಗಿ."

"ಸುಳ್ಳ್ ಹೇಳ್ತೀರಿ," ಎಂದರು ಹೆಡ್ ಮಾಸ್ತರ್. "ಈ ಕೋಳಿಕಾಲು ನಿಮ್ಮ ಕೈಯಂದಲ್ಲ. ಬರ್ದು ತೋರಸ್ರಿ."

ಈಶಮ್ಮ ಚಾಕ್‌ಪೀಸ್ ತೆಗೆದುಕೊಂಡಳು. ಹುಟ್ಟಿದಾಗಿನಿಂದ ಒಂದೂ ಸೊಟ್ಟ ಗೆರೆ ಎಳೆಯದ ಕೈ ಬೋರ್ಡಿನ ಮೇಲೆ ಓಡಿತು. ನೀ ಗೆರೆ ಬಿಟ್ಟು ಕೆಳಗೆ ಜಾರಿತು. ರ ಎಡಕ್ಕೆ ಒರಗಿತು. ಳದ ಹೊಟ್ಟೆ ಉಬ್ಬಿತು. ಒಮ್ಮೆಯೂ ಪುಸ್ತಕದ ಕಡೆ ತಿರುಗಿ ನೋಡಲಿಲ್ಲ. ಅವನ ಒಂದೊಂದು ಸೊಟ್ಟವೂ ಅವಳ ಕೈಗೆ ಬಾಯಿಪಾಠವಾಗಿತ್ತು.

ಆತ್ಮಾರಾಮರು ಪುಸ್ತಕ ನೋಡಿದರು, ಬೋರ್ಡು ನೋಡಿದರು, ಎಲೆಅಡಿಕೆ ಅಗಿಯುವುದನ್ನೇ ಮರೆತರು. ತುಳಸಿರಾಮ ಬೋರ್ಡನ್ನೇ ನೋಡುತ್ತ ನಿಂತ, ಅವನ ಕಣ್ಣು ತುಂಬಿತು.

ಅಪ್ಪಂದಿರಲ್ಲಿ ಹಿರಿಯನಾದ ಬಕ್ಕಪ್ಪ ಕೆಮ್ಮಿದ. "ಲಗ್ನ ಆಗೋ ಮಂದಿ ಒಂದ್ ಸಾಲು ಬರ್ಕೊಂಡ್ರ ರಿಪೋರ್ಟ್ ಯಾಕ್ರಿ ಮಾಸ್ತರ? ಏನೋ ತಮ್ಮಾ, ಮಾಡ್ಕೋತೀಯಿಲ್ಲೋ?"

"ಮಾಡ್ಕೋತೀನ್ರಿ," ಎಂದ ತುಳಸಿರಾಮ. ಚಪ್ಪಲಿ ಬಿಟ್ಟು ಒಳಗೆ ಬಂದ. "ನಾಳೆ ಹೋಗಿ ಅವರಪ್ಪನ್ನ ಕೇಳ್ತೀನಿ."

"ನಾಳೆ ಅಪ್ಪ ತಾಂಡೂರಿಗೆ ಮಾತು ಕೊಡ್ತಾನ," ಎಂದಳು ಈಶಮ್ಮ, ಕೈಯ ಪುಡಿ ಕೊಡವುತ್ತ. "ಇವತ್ತೇ ಹೋಗೋಣ್ರಿ. ಮಧ್ಯಾಹ್ನದ ಬಸ್ಸಿಗೆ ನಾನೂ ಬರ್ತೀನಿ."