ಮರಳಿ ಬಂದ ಬಾಗಿನ

ಆಯನೂರಿನ ದಾರಿಯಲ್ಲಿರುವ ಬೋಟಿಂಗ್ ಕೆರೆಯಲ್ಲಿ ಟಿಕೆಟ್ ಕೊಡುವುದು ನನ್ನ ಕೆಲಸ. ಈ ಮಳೆಗಾಲ ನೀರು ಎಷ್ಟು ಹೆಚ್ಚಿತೆಂದರೆ ದೋಣಿ ಕಟ್ಟುವ ಕಂಬಗಳೇ ಮುಳುಗಿದವು. ತೂಬು ಎತ್ತದಿದ್ದರೆ ಕೆರೆಯ ಏರಿ ಒಡೆದು ಕೆಳಗಿನ ಕೇರಿ ಕೊಚ್ಚಿಹೋಗುತ್ತಿತ್ತು. ನನ್ನ ಮನೆ ಇರುವುದೂ ಅಲ್ಲೇ. ಕೆರೆ ಸಮಿತಿಯ ಅಧ್ಯಕ್ಷ ಭೈರಪ್ಪ ಮಾತ್ರ, "ಮೊದ್ಲು ಬಾಗಿನ ಬಿಡೋಣ, ಆಮೇಲೆ ತೂಬು" ಎಂದು ಹಟ ಹಿಡಿದರು.

ಅವರ ಹೆಂಡತಿ ಪುಷ್ಪಮ್ಮ ನನ್ನ ಕಣ್ಣೆದುರೇ ಮೊರದಲ್ಲಿ ಹಸಿರು ಬಳೆ ಇಟ್ಟು, ಇನ್ನೊಂದು ಮೊರ ಮುಚ್ಚಿ ದಾರ ಸುತ್ತಿದರು. ನಾನು ಹತ್ತಿರ ಹೋದದ್ದೇ, "ಆ ಕಡೆ ನಿಲ್ಲು ಮಾರಾಯ್ತಿ, ಗಂಡ ಸತ್ತೋಳು ಇದನ್ನ ಮುಟ್ಬಾರ್ದು ಅಂತ ಗೊತ್ತಿಲ್ವಾ?" ಎಂದರು.

ಅವರು ಬಿಟ್ಟ ಬಾಗಿನ ಸ್ವಲ್ಪ ದೂರ ತೇಲಿ, ಗಾಳಿಗೆ ಎದುರಾಗಿ ತಿರುಗಿ, ನೇರ ನನ್ನ ಕಾಲ ಬಳಿ ಬಂದು ನಿಂತಿತು. ಮತ್ತೆ ತಳ್ಳಿದರು, ಮತ್ತೆ ಬಂತು.

"ಏನ್ ಮಾಟ ಮಾಡಿದೀಯೇ?" ಎಂದು ಪುಷ್ಪಮ್ಮ ಕಿರುಚಿದರು.

ನಾನು ಬಗ್ಗಿ ಎತ್ತಿಕೊಂಡೆ. ಕೊರೆಯುವ ನೀರಿನಿಂದ ಬಂದ ಮೊರ, ಯಾರೋ ಆಗಷ್ಟೇ ಎದ್ದುಹೋದ ಹಾಸಿಗೆಯಂತೆ ಬೆಚ್ಚಗಿತ್ತು. ದಾರ ಬಿಚ್ಚಿದರೆ ಒಳಗಿನ ಬಳೆಗಳೆಲ್ಲ ಚೂರಾಗಿದ್ದವು. ನಿಜ ಹೇಳುತ್ತೇನೆ, ನನಗೆ ಭಯಕ್ಕಿಂತ ಮೊದಲು ಸಂತೋಷವಾಯಿತು.

ಆ ಹೊತ್ತಿಗೆ ತೂಬಿನ ಚಕ್ರ, ಭೈರಪ್ಪ ಕೈ ಇಡುವ ಮೊದಲೇ, ತಾನಾಗಿ ತಿರುಗತೊಡಗಿತು. ನೀರಿಳಿದು ಕೇರಿ ಉಳಿಯಿತು.

ಭೈರಪ್ಪ ಗಟ್ಟಿಮುಟ್ಟಾಗಿಯೇ ಇದ್ದಾರೆ. ಆದರೆ ಪುಷ್ಪಮ್ಮನ ಕೈಯಲ್ಲಿ ಬಳೆ ನಿಲ್ಲುತ್ತಿಲ್ಲ. ಭದ್ರಾವತಿಯ ಓಲ್ಡ್ ಟೌನಿನಿಂದ ಹೊಸದು ತಂದು ತೊಟ್ಟರೂ ಸಂಜೆಯೊಳಗೆ ಕೈ ಬರಿದು. ಬೆಳಿಗ್ಗೆ ದೋಣಿ ಒರೆಸುವಾಗ ಆ ಹಸಿರು ಚೂರುಗಳು ನನಗೆ ಸಿಗುತ್ತವೆ. ಮುಟ್ಟಿದರೆ ಇನ್ನೂ ಬೆಚ್ಚಗಿರುತ್ತವೆ.