ಗೋಡೆಯಾಚೆಯ ಗಾಳಿ ಮೇಸ್ತ್ರಿ

ಟರ್ರ್ರ್...!

ಡ್ರಿಲ್ಲಿನ ಮೂತಿ ಗೋಡೆ ಸೀಳಿಕೊಂಡು ಒಳಗೆ ಬಂದಾಗ ಅದಕ್ಕೂ ಅವಳ ಕೆನ್ನೆಗೂ ಒಂದೇ ಗೇಣು ಅಂತರ. ಅವಳು ಕಿರುಚಲಿಲ್ಲ. ಕದಲಲೂ ಇಲ್ಲ.

"ಅಯ್ಯೋ! ಒಳಗೆ ಯಾರಾದ್ರೂ ಇದ್ದೀರಾ?" ತೂತಿನಿಂದ ಗಾಬರಿಯ ದನಿ.

"ಇದ್ದೀನಿ."

ಮರುಕ್ಷಣ ಅವನು ಬಾಗಿಲಲ್ಲಿದ್ದ. ತಲೆಯೆಲ್ಲ ಧೂಳು. "ಏಟಾಯ್ತಾ ಮೇಡಂ? ಗೋಡೆ ಇಷ್ಟು ತೆಳು ಅಂತ ಗೊತ್ತಾಗ್ಲಿಲ್ಲ... ಹೆದರಿಬಿಟ್ರಾ?"

'ಹೆದರಬೇಕಿತ್ತಲ್ಲವಾ...' ಎಂದುಕೊಂಡಳು. "ಇಲ್ಲ" ಎಂದಳು.

ಗಂಡ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಅವಳು ಅತ್ತಿರಲಿಲ್ಲ. ಕನ್ನಡಕದ ಅಂಗಡಿಗೆ ಹೋಗಿ ಜನರ ಕಣ್ಣು ಪರೀಕ್ಷಿಸುತ್ತಿದ್ದಳು, ಬಂದು ಅತ್ತೆಗೆ ಬಡಿಸುತ್ತಿದ್ದಳು, ಮಲಗುತ್ತಿದ್ದಳು. ಒಳಗೆ ಏನೂ ಇರಲಿಲ್ಲ. ನೋವು ಕೂಡ!

ಮನೆ ಹಳೆಯದು. ಗೋಡೆಗೆ ಎರಡು ಪದರ, ನಡುವೆ ಟೊಳ್ಳು. ಅಲ್ಲಿಂದ ನುಗ್ಗುವ ಚಳಿಗಾಳಿಗೆ ಅತ್ತೆಯ ಮಂಡಿ ಹಿಡಿದುಕೊಂಡಿತ್ತು. ಅದಕ್ಕೇ ಇವನನ್ನು ಕರೆಸಿದ್ದರು. ಹೊರಗಿನಿಂದ ತೂತು ಕೊರೆದು, ಹಳೆಯ ಪತ್ರಿಕೆ ಅರೆದು ಮಾಡಿದ ಹತ್ತಿಯಂಥ ಪುಡಿಯನ್ನು ಮೆಷಿನ್ನಿನಿಂದ ಟೊಳ್ಳಿನೊಳಗೆ ಊದುವುದು ಅವನ ಕಸುಬು. ಊರಿಗೆಲ್ಲ ಅವನು ಗಾಳಿ ಮೇಸ್ತ್ರಿ.

"ಮೇಡಂ, ನಿಮ್ಮ ಕಡೆಯಿಂದ ತಟ್ಟಿ ನೋಡಿ. ಹೇಗಿದೆ?" ಗೋಡೆಯಾಚೆಯಿಂದ ಕೇಳುತ್ತಿದ್ದ.

"ಟೊಳ್ಳು."

"ಈಗ?"

"ಗಟ್ಟಿ."

"ನಿಮ್ಮಿಂದ ಇನ್ನೊಂದು ಮಾತು ಹೊರಡಿಸೋಕೂ ಡ್ರಿಲ್ಲೇ ಬೇಕೇನೋ!"

ಎರಡು ದಿನ ಹೀಗೇ. ಮೂರನೆಯ ದಿನ ಅವನು ಏನೂ ಕೇಳಲಿಲ್ಲ. ತಾನೇ ತಟ್ಟಿದ, ತಾನೇ ತೂತುಗಳನ್ನು ಮುಚ್ಚಿದ, ತಲೆ ತಗ್ಗಿಸಿಕೊಂಡು ಹೊರಟುಹೋದ.

ಅವಳು ಗೋಡೆಯ ಮುಂದೆ ನಿಂತೇ ಇದ್ದಳು. 'ನನ್ನ ಮೌನ ಇವನಿಗೂ ಸಾಕಾಯ್ತಾ...?' ತಾನೇ ಒಮ್ಮೆ ಗೋಡೆ ತಟ್ಟಿದಳು. ಗಟ್ಟಿ.

ಮನೆ ಬೆಚ್ಚಗಾಯಿತು. ಅವಳಿಗೆ ಊಟ ಸೇರಲಿಲ್ಲ. ವಾರ ಕಳೆದ ಮೇಲೆ ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ನಾನೇ ಕಣೇ ಅವನಿಗೆ ಹೇಳಿದ್ದು. ನನ್ನ ಸೊಸೆ ಜೊತೆ ಮಾತು ಬೇಡಪ್ಪ, ಅವಳಿಗೆ ಹಿಂಸೆ ಆಗತ್ತೆ ಅಂತ."

"ಯಾಕತ್ತೆ?"

"ಆವತ್ತು ಅವನು ಡ್ರಿಲ್ಲೇ ಬೇಕು ಅಂದಾಗ ನೀನು ಗೋಡೆ ನೋಡ್ಕೊಂಡು ನಗ್ತಾ ಇದ್ದೆ. ಮಗನಂತೂ ಹೋದ... ನೀನೂ ಹೋಗ್ಬಿಟ್ರೆ ನಂಗ್ಯಾರು ಅನ್ನಿಸ್ತು." ಅತ್ತೆ ಕಣ್ಣೊರೆಸಿಕೊಂಡರು. "ತಪ್ಪು ಮಾಡಿದೆ. ಹೋಗಿ ಅವನಿಗೆ ನಿಜ ಹೇಳು."

ಮರುದಿನ ಬೆಳಿಗ್ಗೆ ಅವಳು ಹುಡುಕಿಕೊಂಡು ಹೋದಾಗ, ಎರಡು ಬೀದಿ ಆಚೆ ಅವನು ಏಣಿಯ ಮೇಲಿದ್ದ. ಮೆಷಿನ್ ಅಬ್ಬರಿಸುತ್ತಿತ್ತು.

"ಅತ್ತೆ ಹೇಳಿದ್ದು ಸುಳ್ಳು!" ಅವಳು ಕೂಗಿದಳು.

"ಏನೂ ಕೇಳ್ತಿಲ್ಲ!"

"ನೀವು ಮಾತಾಡಿಸದೇ ಇದ್ರೆ..."

ಅವನು ಪೈಪಿನ ಮೇಲಿದ್ದ ಸ್ವಿಚ್ ಒತ್ತಿ ಮೆಷಿನ್ ನಿಲ್ಲಿಸಿದ. ಬೀದಿ ಒಮ್ಮೆಲೇ ನಿಶ್ಶಬ್ದವಾಯಿತು.

"...ನಂಗೆ ತುಂಬಾ ಬೇಜಾರಾಗತ್ತೆ!"

ಎದುರುಮನೆಯ ಕಿಟಕಿ ತೆರೆದುಕೊಂಡಿತು. ಅವಳ ಕಿವಿ ಬಿಸಿಯಾಯಿತು. ಅವನು ನಿಧಾನವಾಗಿ ಇಳಿದು ಬಂದ.

"ನಾನೇ ನಿಮಗೆ ಹಿಂಸೆ ಕೊಡ್ತಿದ್ದೀನಿ ಅಂದುಕೊಂಡೆ... ನಿಮ್ಮನ್ನ ಇಷ್ಟಪಟ್ಟಿದ್ದೇ ತಪ್ಪಾಯ್ತೇನೋ ಅಂತ."

"ನಂಗೆ ಇನ್ನೂ ಪೂರ್ತಿ ಏನೂ ಅನ್ನಿಸ್ತಿಲ್ಲ. ಸ್ವಲ್ಪ ಸ್ವಲ್ಪ ಅಷ್ಟೇ... ಕಾಯ್ತೀರಾ?"

"ಕಾಯ್ತೀನಿ."

"ಅತ್ತೆ ಯಾವಾಗ್ಲೂ ನನ್ನ ಜೊತೇಲೇ ಇರ್ತಾರೆ."

"ಇರ್ಲಿ. ನನ್ನ ಬಯ್ಯೋರು ಮನೇಲಿ ಒಬ್ರಾದ್ರೂ ಬೇಕಲ್ಲ!"

ಅವಳು ಕೈ ಚಾಚಿದಳು. ಅವನು ಗಡಿಬಿಡಿಯಿಂದ ತನ್ನ ಧೂಳುಗೈಯನ್ನು ಅಂಗಿಗೆ ಒರೆಸಿಕೊಳ್ಳಲು ಹೋದ.

"ಪರವಾಗಿಲ್ಲ" ಎಂದಳು. "ಹಾಗೇ ಕೊಡಿ."